ಒಂದೇ ಸ್ಟೇರಿಂಗು, ಎರಡು ಸಂಬಳ

ಹೊಸಪೇಟೆಯ ರಸ್ತೆಗಳಲ್ಲಿ ಯಾರಾದರೂ ತಿರುಗುವ ಮುಂಚೆ ಇಂಡಿಕೇಟರ್ ಹಾಕಿ, ಅದೂ ಸಾಲದೆಂದು ಬಲಗೈಯನ್ನು ಕಿಟಕಿಯಿಂದ ಹೊರಚಾಚಿದರೆ ನನಗೆ ಉಸ್ತಾದರ ನೆನಪಾಗುತ್ತದೆ. ಹಾಗೆ ತಿರುಗುವವರು ಈಗ ಅಪರೂಪ. ಅವರೂ ತೀರಿಕೊಂಡರು. ಅವರ ಹಳೆಯ ಕಚೇರಿಯ ಗುಮಾಸ್ತೆ ಫೋನ್ ಮಾಡಿ, “ಮೇಡಂರೀ, ನಮ್ ಉಸ್ತಾದರು ತೀರಿಕೊಂಡ್ರು” ಎಂದಾಗ ಒಲೆಯ ಮೇಲೆ ಹಾಲಿತ್ತು. ಅದು ಉಕ್ಕಿ ಹರಿಯುತ್ತಿದ್ದರೂ ನನಗೆ ಒಲೆ ಆರಿಸುವುದು ತೋಚಲಿಲ್ಲ.

ಉಸ್ತಾದ್ ಎಂಬುದು ಅವರ ಹೆಸರಲ್ಲ. ಸೈನ್ಯದಲ್ಲಿ ಕಲಿಸುವವರನ್ನೆಲ್ಲ ಹಾಗೆ ಕರೆಯುತ್ತಾರೆ. ಇವರು ಸೈನ್ಯದವರೂ ಅಲ್ಲ, ಕಲಿಸುವ ಹುದ್ದೆಯವರೂ ಅಲ್ಲ. ಆದರೆ ಪಂಜಾಬಿನಿಂದಲೋ ಗಢವಾಲದಿಂದಲೋ ಬದಲಿಯಾಗಿ ಬರುತ್ತಿದ್ದ ಸೈನಿಕ ಚಾಲಕರಿಗೆಲ್ಲ ಸಂಡೂರಿನ ಘಾಟು ಹತ್ತಿ ಇಳಿಯುವುದನ್ನು ಪಕ್ಕದಲ್ಲಿ ಕೂತು ತೋರಿಸಿಕೊಟ್ಟವರು ಇವರೇ. ಹಾಗೆ ಬಂದವರಲ್ಲಿ ಯಾರೋ ಒಬ್ಬರು ಇಟ್ಟ ಹೆಸರು ಅದು. ನಿಜವಾದ ಹೆಸರನ್ನು ನಾನು ಬರೆಯುವುದಿಲ್ಲ. ಅವರು ಇದ್ದಾಗ ಬರೆದಿದ್ದರೆ ನನ್ನ ಮನೆಯ ಮುಂದಿನ ರಸ್ತೆಯಲ್ಲಿ ನಡೆಯುವುದನ್ನೇ ಬಿಡುತ್ತಿದ್ದರು, ಅಷ್ಟು ಸಂಕೋಚದ ಮನುಷ್ಯ.

ನಾನು ಆಗ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತಿದ್ದೆ. ಕಾಲೇಜು ಮಕ್ಕಳಿಗೆ ಕವಾಯತು, ಶಿಬಿರ, ಗುರಿಯಿಡುವುದು ಇತ್ಯಾದಿ ಕಲಿಸುವ ರಕ್ಷಣಾ ಇಲಾಖೆಯ ಒಂದು ಸಣ್ಣ ಘಟಕ ನಮ್ಮೂರಲ್ಲಿತ್ತು. ನಮ್ಮ ಹುಡುಗಿಯರನ್ನು ಅಲ್ಲಿಗೆ ಕರೆದೊಯ್ಯುವ ಜವಾಬ್ದಾರಿ ನನ್ನ ತಲೆಗೆ ಬಿತ್ತು. ನನ್ನ ದನಿ ದೊಡ್ಡದು ಎಂಬುದೊಂದೇ ಅದಕ್ಕೆ ಕಾರಣ. ಘಟಕದಲ್ಲಿ ಒಂದು ಹಳೆಯ ಟ್ರಕ್ಕು, ಅದಕ್ಕೆ ಇಬ್ಬರು ಚಾಲಕರು. ಒಬ್ಬರು ಸಮವಸ್ತ್ರದ ಸೈನಿಕ, ಎರಡು ಮೂರು ವರ್ಷಕ್ಕೊಮ್ಮೆ ಬದಲಾಗುವವರು. ಇನ್ನೊಬ್ಬರು ಸಿವಿಲಿಯನ್, ಎಂದರೆ ಸೈನ್ಯದಲ್ಲಿ ಕೆಲಸ ಮಾಡುವ ಆದರೆ ಸೈನಿಕನಲ್ಲದ ನೌಕರ. ಅವರೇ ಉಸ್ತಾದರು.

ಈ ಎರಡರ ನಡುವಿನ ವ್ಯತ್ಯಾಸ ನನಗೆ ಅರ್ಥವಾದದ್ದು ಸಂಡೂರಿನ ಒಂದು ಶಿಬಿರದಲ್ಲಿ. ಮಾಗಿಯ ಚಳಿ. ಬೆಳಗಿನ ಜಾವ ಹುಡುಗಿಯರಿಗೆ ನೀರು ತರಲು ಟ್ರಕ್ಕು ಹೊರಟಿತ್ತು. ಸ್ಟೇರಿಂಗ್ ಹಿಡಿದ ಉಸ್ತಾದರು ದಪ್ಪ ಕೋಟು ಹಾಕಿದ್ದರು, ಪಕ್ಕದಲ್ಲಿ ಗಢವಾಲದ ತರುಣ ಸೈನಿಕ ಬರೀ ಅಂಗಿಯಲ್ಲಿ ನಡುಗುತ್ತಿದ್ದ. ವಾಪಸು ಬರುವಾಗ ನೋಡಿದರೆ ಸ್ಟೇರಿಂಗಿನಲ್ಲಿ ಆ ಹುಡುಗ, ಕೋಟು ಅವನ ಮೈಮೇಲೆ. ಉಸ್ತಾದರು ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂತಿದ್ದರು.

“ಇದೇನು ನಾಟಕ ನಿಮ್ಮದು, ಇಬ್ಬರಿಗೂ ಒಂದೇ ಕೋಟಾ?” ಎಂದು ಕೇಳಿದೆ.

“ಕೋಟು ಮಿಲ್ಟ್ರಿ ಮಂದೀಗೆ ಅಷ್ಟ ಕೊಡ್ತಾರ್ರಿ ಮೇಡಂ. ನಮ್ಗ ಇಲ್ಲ. ಈ ಹುಡುಗ ಭಾಳ ಒಳ್ಳೇವ, ಗಾಡಿ ಯಾರ್ ಓಡಸ್ತಾರೋ ಅವರಿಗೆ ಕೋಟು ಅಂತ ಅವನ ರೂಲ್ಸ್ ಮಾಡ್ಯಾನ.”

ಆ ಹುಡುಗ ಮಾಡಿದ ರೂಲ್ಸನ್ನು ದೆಹಲಿಯವರು ಮಾಡಿರಲಿಲ್ಲ. ಕೋಟಿನ ಹಾಗೆಯೇ ಸಂಬಳವೂ. ಅದೇ ಗಾಡಿ, ಅದೇ ಘಾಟು, ಅದೇ ಹುಡುಗಿಯರ ಹೊರೆ. ಸೈನಿಕನ ಸಂಬಳ ತಿಂಗಳು ಹುಟ್ಟುವಾಗ ಬರುತ್ತಿತ್ತು. ಸಿವಿಲಿಯನ್ನರದು ಬೇರೆ ಬಾಬತ್ತು, ಅದಕ್ಕೆ ಬೇರೆ ಅನುದಾನ, ಆ ಅನುದಾನಕ್ಕೆ ಪ್ರತಿ ವರ್ಷ ಕೈಯೊಡ್ಡುವುದು. ಬೇರೆ ಊರಿನ ಕೆಲವು ರಕ್ಷಣಾ ಕಚೇರಿಗಳಲ್ಲಿ ಸಿವಿಲಿಯನ್ ಚಾಲಕರ ಸಂಬಳ ಏರಿತ್ತು. ನಮ್ಮ ಘಟಕಕ್ಕೂ ಆದೇಶ ಬಂದಿತ್ತು, ಆದರೆ ಅದರ ಕೊನೆಯಲ್ಲಿ “ಅನುದಾನದ ಲಭ್ಯತೆಗೆ ಒಳಪಟ್ಟು” ಎಂಬ ಬಾಲ ಇತ್ತು. ಆ ಬಾಲ ಹಿಡಿದುಕೊಂಡೇ ಅವರ ಸೇವೆಯ ಬಹುಪಾಲು ಸವೆಯಿತು.

ಅವರಿಗೆ ದುಡ್ಡಿನ ಆಸೆ ಇರಲಿಲ್ಲ ಎಂದು ಹೇಳಿ ಅವರನ್ನು ಸಂತನನ್ನಾಗಿ ಮಾಡುವುದು ನನಗೆ ಬೇಕಿಲ್ಲ. ಆಸೆ ಇತ್ತು, ಒಂದು ಮನೆಯ ಬಾಡಿಗೆಯಷ್ಟು. ಕಾಲುವೆ ಪಕ್ಕದ ಓಣಿಯಲ್ಲಿ ಅವರು ಗಂಡ ಹೆಂಡತಿ ಮದುವೆಯಾದಾಗಿನಿಂದ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದರು. ಮಕ್ಕಳಿರಲಿಲ್ಲ. ಹೆಂಡತಿಗೆ ಸಣ್ಣಂದಿನಿಂದ ದಮ್ಮಿನ ಕಾಯಿಲೆ. ಆ ಓಣಿಯಲ್ಲಿ ನೀರಿನ ಮೇಲಿಂದ ಬೀಸುವ ಗಾಳಿ ಆಕೆಗೆ ಒಗ್ಗಿತ್ತು. ಮಧ್ಯಾಹ್ನ ಹಿತ್ತಿಲ ಬಾಗಿಲಲ್ಲಿ ಕೂತು ಮೆಣಸಿನಕಾಯಿ ತೊಟ್ಟು ಮುರಿಯುತ್ತ ಓಣಿಯವರನ್ನೆಲ್ಲ ಛೇಡಿಸುತ್ತಿದ್ದ ಹೆಂಗಸು. ಗಂಡನಿಗೆ ಎಷ್ಟು ಮಾತು ಕಡಿಮೆಯೋ ಈಕೆಗೆ ಅಷ್ಟು ಜಾಸ್ತಿ. ನಾನು ಹೋದರೆ, “ಬರ್ರಿ ಮೇಡಮ್ಮ, ಕುಂದ್ರಿ, ನಿಮ್ ಡ್ರೈವರ್ ಇನ್ನೂ ಬಂದಿಲ್ಲ, ಬಂದ್ರೂ ಬಾಯಿ ಬಿಡಂಗಿಲ್ಲ” ಎಂದು ಚಾಪೆ ಹಾಸುತ್ತಿದ್ದರು.

ಅದು ಅದಿರಿನ ಭರಾಟೆಯ ಕಾಲ. ಸಂಡೂರಿನ ಗುಡ್ಡಗಳು ಲಾರಿಯ ಮೇಲೆ ಹತ್ತಿ ಬಂದರಿಗೆ ಹೊರಟಿದ್ದವು. ಸ್ಟೇರಿಂಗ್ ಹಿಡಿಯಲು ಬಂದ ಗಂಡಸರೆಲ್ಲ ಟಿಪ್ಪರ್ ಹತ್ತಿದರು. ಒಂದು ಸಲ ಶಿಬಿರದ ಹತ್ತಿರ ಕುತ್ತಿಗೆಗೆ ಹಗ್ಗದಂಥ ಚಿನ್ನದ ಸರ ಹಾಕಿದ ಗುತ್ತಿಗೆದಾರನೊಬ್ಬ ಜೀಪು ನಿಲ್ಲಿಸಿ ಉಸ್ತಾದರನ್ನು ಕರೆದ. ನಾನು ಅಲ್ಲೇ ಇದ್ದೆ.

“ಏನ್ ಉಸ್ತಾದ್, ಇನ್ನೂ ಈ ಡಬ್ಬಾನ ತಳ್ಳಾಕತ್ತೀಯೇನ? ನಾಳೆ ಬಾ, ಹೊಸಾ ಗಾಡಿ ಚಾವಿ ಕೊಡ್ತೀನಿ. ನಿನ್ ಸರಕಾರ ವರ್ಷಕ್ಕ ಕೊಡೋದನ್ನ ನಾ ಜಲ್ದೀನ ಕೈಯಾಗ ಇಡ್ತೀನಿ.”

“ನಿಮ್ ಗಾಡಿಗೆ ಬ್ರೇಕ್ ಬ್ಯಾಡ್ರಿ ಸಾವ್ಕಾರ್ರ, ಬರೀ ಹಾರ್ನ್ ಇದ್ರ ಸಾಕು. ನನಗ ಬ್ರೇಕ್ ಹಾಕೋದು ಚಟ ಆಗೈತಿ” ಎಂದರು ಇವರು, ನಗದೆ.

ಜೀಪು ಹೋದ ಮೇಲೆ ನಾನು, “ಹೋಗಬಹುದಿತ್ತಲ್ಲ” ಎಂದೆ. ಕೆಲಸಕ್ಕೆ ಸೇರಿದ್ದೇ ತಡವಾಗಿ, ಈಗ ಬಿಟ್ಟರೆ ಪಿಂಚಣಿಗೆ ಬೇಕಾದ ಸೇವೆ ತುಂಬುವುದಿಲ್ಲ, ಮುಂದೆ ಹೆಂಡತಿಯ ಔಷಧಕ್ಕೆ ಅದೇ ಗತಿ ಎಂದು ವಿವರಿಸಿದರು. ಆಮೇಲೆ ಟಿಪ್ಪರ್ ಓಡಿಸುವುದು ಹೆಂಡತಿಗೂ ಇಷ್ಟವಿಲ್ಲ ಎಂದರು. ಆಕೆಯ ಅಕ್ಕನ ಮಗ ಮರಿಯಮ್ಮನಹಳ್ಳಿ ಹತ್ತಿರ ಅದಿರಿನ ಲಾರಿಯ ಅಪಘಾತದಲ್ಲೇ ಸತ್ತಿದ್ದ.

ಕೆಲಸದಲ್ಲಿ ಅವರದು ಒಂದು ಹುಚ್ಚು ನಿಷ್ಠೆ. ಗಾಡಿ ಬಿಟ್ಟು ಹೋಗಬಾರದೆಂದು ನಿಯಮ, ಸರಿ. ಆದರೆ ಹುಡುಗಿಯರನ್ನು ಹಂಪಿಗೆ ಎಷ್ಟು ಸಲ ಕರೆತಂದರೂ ಅವರು ಗಾಡಿ ನಿಲ್ಲಿಸಿದ ಹುಣಸೆಮರದ ನೆರಳು ಬಿಟ್ಟು ಅಲ್ಲಾಡಿದವರಲ್ಲ. ದೇಶವಿದೇಶದಿಂದ ಜನ ನೋಡಲು ಬರುವ ಊರಿನಲ್ಲಿ ಅವರು ನೋಡಿದ್ದು ಆ ಮರ ಮಾತ್ರ. “ನಾನು ಕಾಯುತ್ತೇನೆ, ಹೋಗಿ ನೋಡಿಕೊಂಡು ಬನ್ನಿ” ಎಂದು ಗದರಿದರೆ, “ಕಲ್ಲು ಎಲ್ಲಿ ಓಡಿ ಹೋಗ್ತಾವ್ರಿ, ಗಾಡಿ ಹೋದ್ರ ಕಷ್ಟ” ಎನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಇಷ್ಟು ಮಾಡುವವರಿಗೆ ಒಂದು ಕೋಟು ಕೊಡಲಾರದ ಇಲಾಖೆಗೆ ಇಷ್ಟು ಯಾಕೆ ಮಾಡಬೇಕು ಎಂಬುದು ನನ್ನ ವಾದ.

ಗುಮಾಸ್ತೆಯದೂ ಅದೇ ವಾದ. ಆಕೆಯೂ ಸಿವಿಲಿಯನ್ ನೌಕರಳೇ, ಆದರೆ ಚೂಟಿ. ಕಾವಲುಗಾರ, ಉಗ್ರಾಣದವರು, ಕಸ ಗುಡಿಸುವ ಹೆಂಗಸು ಎಲ್ಲರನ್ನೂ ಸೇರಿಸಿ ಅರ್ಜಿಯ ಮೇಲೆ ಅರ್ಜಿ ಬರೆದಳು. ಕೊನೆಗೊಮ್ಮೆ ಮೇಲಿನವರಿಗೆ ಬೇಸರವಾಗಿಯೋ ಏನೋ, ದೊಡ್ಡ ಅಧಿಕಾರಿಯೊಬ್ಬರು ತಾವೇ ಬಂದು ನೌಕರರನ್ನು ಕೇಳಿ, ಅನುದಾನ ಕೊಡಬೇಕೋ ಬೇಡವೋ ಎಂದು ವರದಿ ಕೊಡುವುದು ಎಂದು ತೀರ್ಮಾನವಾಯಿತು.

ಆ ಹೊತ್ತಿಗೆ ಉಸ್ತಾದರಿಗೆ ಮನೆಯದೇ ಚಿಂತೆ ಹತ್ತಿತ್ತು. ಗಣಿ ಕಂಪನಿಗಳ ಜನ ಹೊಸಪೇಟೆಗೆ ಬಂದು ಕೇಳಿದಷ್ಟು ಬಾಡಿಗೆ ಕೊಡುತ್ತಿದ್ದರು. ಉಸ್ತಾದರ ಮನೆಯ ಮಾಲೀಕರು ಕೆಟ್ಟವರಲ್ಲ. ಕೈ ಹಿಸುಕಿಕೊಳ್ಳುತ್ತಲೇ ಹೇಳಿದರು: “ಕಂಪನಿಯವ್ರು ಮೂರು ಪಟ್ಟು ಕೊಡ್ತೀವಿ ಅಂತಾರ. ನೀವು ಎರಡು ಪಟ್ಟು ಕೊಟ್ರೂ ಸಾಕು, ಇರ್ರಿ. ನಾನೂ ಮಗಳ ಮದುವಿ ಮಾಡಬೇಕಲ್ಲ.” ಹೊಸ ಸಂಬಳ ಬಂದರೆ ಆ ಎರಡು ಪಟ್ಟು ನಿಭಾಯಿಸಬಹುದಿತ್ತು. ಬರದಿದ್ದರೆ ಊರು ಬಿಡಬೇಕಿತ್ತು. ಎಲ್ಲವೂ ಆ ಅಧಿಕಾರಿಯ ಭೇಟಿಯ ಮೇಲೆ ನಿಂತಿತ್ತು.

ಸೇವೆಯಲ್ಲಿ ಹಿರಿಯರು, ಸೈನ್ಯದ ಹಿಂದಿ ಚೆನ್ನಾಗಿ ಬಲ್ಲವರು ಎಂದು ಎಲ್ಲರ ಪರವಾಗಿ ಮಾತಾಡಲು ಉಸ್ತಾದರನ್ನೇ ಆರಿಸಿದರು. ಅವರು ನಮ್ಮ ಕಾಲೇಜಿನ ಗೇಟಿನ ಬಳಿ ಟ್ರಕ್ಕು ನಿಲ್ಲಿಸಿ, ಸ್ಟೇರಿಂಗ್ ಮುಂದೆಯೇ ಮಾತು ಉರುಹೊಡೆಯುತ್ತಿದ್ದರು. “ಸಾಬ್, ಕೆಲಸ ಸಮ ಐತಿ, ಸಂಬಳ ಸಮ ಇಲ್ಲ” ಎಂಬುದನ್ನು ಹಿಂದಿಯಲ್ಲಿ ಹೇಳಿ, “ಸರಿ ಆತೇನ್ರಿ ಮೇಡಂ?” ಎಂದು ನನ್ನನ್ನು ಕೇಳುವರು. ನಾನು ಕನ್ನಡದ ಹೆಂಗಸು, ನನ್ನ ಹಿಂದಿ ದೇವರಿಗೇ ಪ್ರೀತಿ. ಆದರೂ ತಲೆಯಾಡಿಸುತ್ತಿದ್ದೆ.

ತಪಾಸಣೆ ಎಂದರೆ ಸೈನ್ಯದ ಕಡೆ ಒಂದು ಪದ್ಧತಿ ಇದೆ. ಅಂಗಳದ ಕಲ್ಲುಗಳಿಗೆಲ್ಲ ಸುಣ್ಣ ಮತ್ತು ಕೆಮ್ಮಣ್ಣು ಬಳಿಯುವುದು, ಟೈರಿಗೆ ಕಪ್ಪು ಪಾಲಿಶ್ ಹಚ್ಚುವುದು, ಒಣಗಿದ ಎಲೆ ಒಂದೂ ಕಾಣದಂತೆ ಗುಡಿಸುವುದು. ತಮ್ಮ ಕಷ್ಟವನ್ನು ತೋರಿಸಿಕೊಳ್ಳಬೇಕಾದ ದಿನವೂ ಈ ಮಂದಿ ಅದನ್ನೆಲ್ಲ ಮಾಡಿದರು, ಇನ್ನೂ ಹೆಚ್ಚಾಗಿಯೇ ಮಾಡಿದರು. ಕಸ ಗುಡಿಸುವ ಹೆಂಗಸು ಹೊಸ ಸೀರೆ ಉಟ್ಟು ಬಂದಳು. ಉಸ್ತಾದರ ಟ್ರಕ್ಕಿನ ಬಾಗಿಲಿನಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದಿತ್ತು. “ಅಯ್ಯೋ, ಸ್ವಲ್ಪ ಹೊಲಸ ಇರ್ಲಿ ಬಿಡ್ರಿ” ಎಂದು ಗುಮಾಸ್ತೆ ಗೋಗರೆದಳು. “ಛೇ, ತಪಾಸಣಿ ದಿನ ಹಂಗ ನಿಂತ್ರ ಘಟಕದ ಮರ್ಯಾದಿ ಏನಾಗ್ಬೇಕು?” ಎಂದು ಉಸ್ತಾದರು ಬೈದರು.

ನನ್ನ ಹುಡುಗಿಯರು ಗೌರವ ಕವಾಯತಿಗೆ ನಿಂತಿದ್ದರಿಂದ ನಾನೂ ಅಲ್ಲಿದ್ದೆ. ಅಧಿಕಾರಿ ಬಂದರು, ಸೌಮ್ಯವಾದ ಮುಖ. ಅವರ ಬೆನ್ನಿಗೇ ನಮ್ಮ ಘಟಕದ ಕಮಾಂಡರು ಬಂದರು. ಅಧಿಕಾರಿ ಸಿವಿಲಿಯನ್ನರ ಸಾಲಿನ ಮೊದಲಲ್ಲಿ ನಿಂತಿದ್ದ ಉಸ್ತಾದರ ಮುಂದೆ ನಿಂತು, ಹೆಗಲ ಮೇಲೆ ಕೈಯಿಟ್ಟು, “ಕೋಯಿ ತಕಲೀಫ್?” ಏನಾದರೂ ತೊಂದರೆ ಇದೆಯೇ ಎಂದು ಕೇಳಿದರು.

ಉಸ್ತಾದರ ಹಿಮ್ಮಡಿಗಳು ಟಪ್ಪೆಂದು ಕೂಡಿದವು. ಎದೆ ಉಬ್ಬಿತು. “ಸಬ್ ಠೀಕ್ ಹೈ, ಸಾಬ್!” ಎಂದು ಅಂಗಳವೆಲ್ಲ ಕೇಳುವಂತೆ ಕೂಗಿದರು. ಎಲ್ಲ ಸರಿಯಾಗಿದೆ ಸಾಹೇಬರೇ ಎಂದು.

ಅಧಿಕಾರಿ ಮುಗುಳ್ನಕ್ಕು ಮುಂದೆ ಸರಿದರು. ಹಿರಿಯರೇ ಹಾಗೆಂದ ಮೇಲೆ ಪಕ್ಕದ ಕಾವಲುಗಾರನೂ ಹಾಗೆಯೇ ಅಂದ, ಅವನ ಪಕ್ಕದ ಉಗ್ರಾಣದವನೂ ಅಂದ. ಗುಮಾಸ್ತೆ ಮಾತ್ರ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಕಮಾಂಡರು, “ಚಹಾ ಆರುತ್ತದೆ ಸರ್” ಎಂದು ಅಧಿಕಾರಿಯನ್ನು ಒಳಗೆ ಕರೆದೊಯ್ದರು.

ಬೇರೆ ಯಾವ ಕಚೇರಿಯ ನೌಕರನೂ ಇಂಥ ತಪ್ಪು ಮಾಡುತ್ತಿರಲಿಲ್ಲ. ತಾಲೂಕು ಕಚೇರಿಯವರನ್ನು ಕೇಳಿದ್ದರೆ ಸಂಜೆಯವರೆಗೆ ಹೇಳುತ್ತಿದ್ದರು. ಈ ಮನುಷ್ಯನಿಗೆ ಸೇವೆಗೆ ಸೇರಿದ ದಿನದಿಂದ, ನಕ್ಷತ್ರ ಹೊತ್ತ ಹೆಗಲೊಂದು ಎದುರು ನಿಂತು ತೊಂದರೆ ಇದೆಯೇ ಎಂದರೆ ಕೊಡಬೇಕಾದ ಉತ್ತರ ಒಂದೇ ಎಂದು ಸುತ್ತಲಿನ ಸೈನಿಕರಿಂದ ಮೈಗೆ ಹತ್ತಿಬಿಟ್ಟಿತ್ತು. ಸೈನಿಕರ ಸಂಬಳ ಹತ್ತಲಿಲ್ಲ, ಕೋಟು ಹತ್ತಲಿಲ್ಲ, ಶಿಸ್ತು ಮಾತ್ರ ಹತ್ತಿತು.

ಅಧಿಕಾರಿಯ ಕಾರು ಗೇಟು ದಾಟಿದ ಮೇಲೆ ಗುಮಾಸ್ತೆ ಅವರ ಮೇಲೆ ಎಗರಿದಳು. “ಬಾಯಾಗ ಏನ್ ಕಡಬು ಇಟ್ಕೊಂಡಿದ್ರೇನ್ರಿ? ಅಷ್ಟ್ ದಿನ ಉರು ಹೊಡದದ್ದು ಎಲ್ಲಿ ಹೋತು?”

ಅವರು ಟ್ರಕ್ಕಿನ ಮೆಟ್ಟಿಲ ಮೇಲೆ ಕೂತಿದ್ದರು. “ನಾ ಅನ್ನಲಿಲ್ಲವ್ವ, ಬಾಯಿ ತಂತಾನ ಅಂದ್ಬಿಡ್ತು” ಎಂದರು. ಅವಳು ಮುಂದೆ ಬೈಯಲಾರದೆ ಅತ್ತಳು.

ಮನೆಯಲ್ಲಿ ಹೆಂಡತಿ ಮಾತ್ರ ಕೇಳಿ ನಕ್ಕರಂತೆ. ನನ್ನ ಮುಂದೆಯೂ ನಕ್ಕರು: “ಸಾರಿಗೆ ಉಪ್ಪು ಕಮ್ಮಿ ಆದ್ರ ಓಣಿಗೆಲ್ಲ ಕೇಳಂಗ ಒದರ್ತಾರ. ಅಲ್ಲಿ ನೋಡಿದ್ರ ಎಲ್ಲಾ ಸರಿ ಐತಂತ! ಹೋಗ್ಲಿ ಬಿಡ್ರಿ ಮೇಡಮ್ಮ, ಪಾಪ, ನೀವೂ ಅನ್ನಬ್ಯಾಡ್ರಿ.” ನಗುತ್ತಲೇ ಕೆಮ್ಮು ಹತ್ತಿ ಗೋಡೆ ಹಿಡಿದುಕೊಂಡರು.

ವರದಿಯಲ್ಲಿ ನೌಕರರಿಂದ ಯಾವುದೇ ದೂರು ಇಲ್ಲ, ಆದ್ದರಿಂದ ಹೆಚ್ಚುವರಿ ಅನುದಾನದ ಅವಶ್ಯಕತೆ ಸದ್ಯಕ್ಕೆ ಕಂಡುಬಂದಿಲ್ಲ ಎಂದು ಬರೆದಿತ್ತು. ಉಸ್ತಾದರು ಕಾಲುವೆ ಪಕ್ಕದ ಮನೆ ಬಿಟ್ಟರು. ಕೈಗೆಟಕುವ ಬಾಡಿಗೆಗೆ ಸಿಕ್ಕಿದ್ದು ಗಾದಿಗನೂರಿನಲ್ಲಿ, ರಸ್ತೆಯ ಅಂಚಿಗೇ ಇದ್ದ ತಗಡಿನ ಮನೆ. ಎದುರಿಗೇ ಅದಿರಿನ ಲಾರಿಗಳ ಸಾಲು. ಅಲ್ಲಿ ಬೇಲಿ ಕೆಂಪು, ಬೇವಿನಮರ ಕೆಂಪು, ಒಣಹಾಕಿದ ಸೀರೆ ಕೆಂಪು. ನಾನು ಹೋದಾಗ ಆಕೆ ಸೆರಗನ್ನು ಮೂಗಿಗೆ ಕಟ್ಟಿಕೊಂಡು ಒಳಕೋಣೆಯಲ್ಲಿ ಕೂತಿದ್ದರು. ಓಣಿಯ ಸುದ್ದಿ ಕೇಳಿದರು. ಮಾತಿನ ನಡುವೆ ನಿಲ್ಲಿಸಿ ನಿಲ್ಲಿಸಿ ಉಸಿರೆಳೆದುಕೊಳ್ಳುತ್ತಿದ್ದರು. ಅಷ್ಟು ಮಾತಿನ ಹೆಂಗಸಿಗೆ ಒಂದು ವಾಕ್ಯ ಪೂರ್ತಿ ಮಾಡುವಷ್ಟು ಉಸಿರು ಇರಲಿಲ್ಲ. ನನಗೆ ಅಲ್ಲಿ ಕೂರಲಾಗಲಿಲ್ಲ.

ಡಾಕ್ಟರು ಮೊದಲು ಆ ಧೂಳಿನಿಂದ ಹೊರಗೆ ಕರೆತನ್ನಿ, ಆಮೇಲೆ ಮಾತ್ರೆ ಎಂದರು. ಉಸ್ತಾದರು ಹೆಂಡತಿಯನ್ನು ಕಂಪ್ಲಿಯಲ್ಲಿದ್ದ ಆಕೆಯ ಅಕ್ಕನ ಮನೆಗೆ ಕಳಿಸಿದರು. ಗದ್ದೆ, ಹೊಳೆ, ಹಸಿರು. ಹದಿನೈದು ದಿನಕ್ಕೇ ಮುಖದಲ್ಲಿ ಕಳೆ ಬಂತು. ಆದರೆ ಆಕೆ ವಾಪಸು ಬಂದುಬಿಟ್ಟರು. ಉಸ್ತಾದರಿಗೆ ನಸುಕಿನಲ್ಲೇ ಡ್ಯೂಟಿ, ಕಂಪ್ಲಿಯಿಂದ ಓಡಾಡಲಾಗುತ್ತಿರಲಿಲ್ಲ. ಒಬ್ಬರೇ ಇದ್ದು ಎರಡು ಹೊತ್ತೂ ಚುರುಮುರಿ ತಿಂದು ಮಲಗುತ್ತಿದ್ದರು. ಯಾಕೆ ಬಂದಿರಿ ಎಂದು ನಾನು ಜಗಳವಾಡಿದರೆ, “ಕಂಪ್ಲ್ಯಾಗ ಉಸಿರು ಸಿಗ್ತತಿ ಮೇಡಮ್ಮ, ಇವ್ರು ಸಿಗಂಗಿಲ್ಲ” ಎಂದರು.

ಮುಂದಿನ ಬೇಸಿಗೆ ಕಳೆಯುವುದರೊಳಗೆ ಆಕೆ ತೀರಿಕೊಂಡರು. ಮಣ್ಣು ಮಾಡಿ ಬಂದ ಮೇಲೆ ಉಸ್ತಾದರು ಹೊಸ್ತಿಲಲ್ಲಿ ಕೂತು ರಸ್ತೆಯನ್ನೇ ನೋಡುತ್ತಿದ್ದರು. ಗುಮಾಸ್ತೆ ಪಕ್ಕದಲ್ಲಿ ಕೂತು, ತಾನು ಆವತ್ತು ಆಡಿದ ಮಾತಿಗೆ ಕ್ಷಮೆ ಕೇಳಿದಳು. ಅವರು ಅವಳ ತಲೆ ನೇವರಿಸಿದರು. “ನೀ ಅಂದಿದ್ದು ಖರೇನ ಐತವ್ವ. ನಾ ಬಾಯಿ ಬಿಟ್ಟಿದ್ರ ಆಕಿ ಇರ್ತಿದ್ಲು” ಎಂದರು. ಹಾಗಲ್ಲ, ಕೊಡಬೇಕಾದವರು ಕೇಳದೆಯೂ ಕೊಡಬೇಕಿತ್ತು ಎಂದು ನಾನು ಜೋರಾಗಿ ಹೇಳಿದೆ. ಒಂದರ ಹಿಂದೆ ಒಂದು ಲಾರಿಗಳು ಹೋಗುತ್ತಿದ್ದವು, ನನ್ನ ಮಾತು ಅವರಿಗೆ ಕೇಳಿಸಿತೋ ಇಲ್ಲವೋ.

ಅನುದಾನ ಮರುವರ್ಷ ಬಂತು. ಯಾವ ಅಧಿಕಾರಿಯೂ ಬರಲಿಲ್ಲ, ಯಾರನ್ನೂ ಏನೂ ಕೇಳಲಿಲ್ಲ, ಕಲ್ಲುಗಳಿಗೆ ಸುಣ್ಣ ಬಳಿಯಲಿಲ್ಲ. ಎಲ್ಲ ಘಟಕಗಳಿಗೂ ಒಟ್ಟಿಗೆ ಮಂಜೂರಾಗಿ, ಒಂದು ದಿನ ಹೊಸ ಸಂಬಳ ಬ್ಯಾಂಕಿನಲ್ಲಿ ಬಂದು ಕೂತಿತ್ತು. ಹಿಂದಿನ ವರ್ಷಗಳದ್ದು ಇಲ್ಲ, ಇನ್ನು ಮುಂದಿನದು ಮಾತ್ರ. ಗುಮಾಸ್ತೆ ಕಚೇರಿಗೆಲ್ಲ ಪೇಡೆ ಹಂಚಿದಳಂತೆ. ಉಸ್ತಾದರು ಅದನ್ನು ಕೈಯಲ್ಲಿ ಹಿಡಿದುಕೊಂಡೇ ಗಾಡಿ ತೊಳೆಯಲು ಹೋದರಂತೆ.

ಆ ಭಾನುವಾರ ನಮ್ಮ ಮನೆಗೆ ಬಂದರು. ಚಹಾ ಕುಡಿದು, ಲೋಟ ಕೆಳಗಿಟ್ಟು, “ಹೊಸಪೇಟ್ಯಾಗ ಒಂದು ಮನಿ ನೋಡ್ರಿ ಮೇಡಂ. ಕಾಲುವಿ ಕಡೆ ಆದ್ರ ಚಲೋ” ಎಂದರು.

ನನಗೆ ಆಶ್ಚರ್ಯವಾಯಿತು. ನಿವೃತ್ತಿ ಹತ್ತಿರ ಬಂದಿತ್ತು. “ಒಬ್ಬರಿಗೆ ಅಷ್ಟು ಬಾಡಿಗೆ ಯಾಕೆ ಉಸ್ತಾದರೇ? ಆ ಕಡೆ ಈಗಲೂ ದುಬಾರಿ. ಇನ್ನು ಸ್ವಲ್ಪ ದಿನ ಅಲ್ಲೇ ಇದ್ದು, ಆಮೇಲೆ ಕಂಪ್ಲಿಗೆ ಹೋಗಬಹುದಲ್ಲ” ಎಂದೆ.

ಅವರು ನೆಲ ನೋಡುತ್ತ ಹೇಳಿದರು: “ಆಕಿ ಫೋಟೊ ಗ್ವಾಡಿಗೆ ಹಾಕೀನ್ರಿ. ದಿನಾ ಮುಂಜಾನಿ ಒರಸಿ ಡ್ಯೂಟಿಗೆ ಹೋಗ್ತೀನಿ. ಸಂಜಿಗೆ ಬಂದು ನೋಡಿದ್ರ ಮಾರಿ ತುಂಬಾ ಮತ್ತ ಕೆಂಪು ಧೂಳ ಕುಂತಿರ್ತತಿ. ಇನ್ನಾ ಎಷ್ಟ್ ದಿನ ಅಂತ ಆಕೀನ ಅದರಾಗ ಇಡ್ಲಿರಿ?”

ಮನೆ ಸಿಕ್ಕಿತು. ಹಳೆಯ ಮನೆಯಲ್ಲ, ಅದೇ ಕಾಲುವೆಯ ಇನ್ನೊಂದು ಓಣಿಯಲ್ಲಿ, ಮಾಳಿಗೆಯ ಮೇಲೆ ಒಂದೇ ಕೋಣೆ. ಅವರು ಬಂದ ದಿನ ನಾನೂ ಗುಮಾಸ್ತೆಯೂ ಹೋಗಿದ್ದೆವು. ಟ್ರಂಕು, ಹಾಸಿಗೆ ಇನ್ನೂ ಕೆಳಗೇ ಇದ್ದವು. ಅವರು ಮೊದಲು ಕಿಟಕಿ ತೆಗೆದರು, ಅದರ ಎದುರಿನ ಗೋಡೆಗೆ ಮೊಳೆ ಹೊಡೆದರು, ಫೋಟೊ ತೂಗುಹಾಕಿ ಅಂಗಿಯ ತೋಳಿನಿಂದ ಗಾಜು ಒರೆಸಿದರು. ನೀರಿನ ಮೇಲಿಂದ ತಣ್ಣನೆಯ ಗಾಳಿ ಬಂತು. ನಾನು ಸಿಟ್ಟಿಗೂ ದುಃಖಕ್ಕೂ ಬಾಗಿಲಲ್ಲೇ ನಿಂತು ಅಳುತ್ತಿದ್ದೆ. ಅವರು ನಮ್ಮ ಕಡೆ ನೋಡಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು, ಫೋಟೊ ನೆಟ್ಟಗೆ ಕೂತಿದೆಯೇ ಎಂದು ನೋಡಿ, “ಇಲ್ಲಿ ದಮ್ಮು ಹತ್ತಂಗಿಲ್ಲ ನೋಡು” ಎಂದು ಅದಕ್ಕೆ ಹೇಳಿದರು.